ಕೈಕೊಡುವ ಕಾರನ್ನು ಸಂಭಾಳಿಸೋದು ಹೇಗೆ, ಬ್ರ್ಯಾಂಡ್ ಮಾತನ್ನು ಎಷ್ಟು ನಂಬೋದು

ಮೊದಲೇ ಹೇಳಿಬಿಡುತ್ತೇನೆ. ‘ಯಾವ ಕಂಪನಿ ಕಾರು ಒಳ್ಳೆಯದು’ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಯಾವ ಎಂಜಿನ್, ಯಾವ ಗೇರ್‌ಬಾಕ್ಸ್, ಯಾವ ವರ್ಷದ್ದು, ಮುಂಚೆ ಯಾರ ಕೈಯಲ್ಲಿತ್ತು ಅಂತ ಕೇಳಿದರೆ ಏನಾದರೂ ಹೇಳಬಹುದು. ಒಂದಾದ ಮೇಲೊಂದು ತಲೆನೋವಿನ ಕಾರುಗಳನ್ನೇ ಸಾಕಿದ್ದೇನೆ, ಅವುಗಳಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲು ಈಗ ಇರುವ ಕಾರಿನ ವಿಷಯ, ಆಮೇಲೆ ಬ್ರ್ಯಾಂಡ್ ವಿಷಯ.

ಕಾರಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಡಿ. ಫೋನಲ್ಲಿ ಬರೆದುಕೊಂಡರೂ ಸರಿ. ಯಾವಾಗ ಕೈಕೊಟ್ಟಿತು, ಎಂಜಿನ್ ಬಿಸಿ ಇತ್ತಾ ತಣ್ಣಗಿತ್ತಾ, ಮಳೆ ಬಂದಿತ್ತಾ, ಟ್ಯಾಂಕ್‌ನಲ್ಲಿ ಎಷ್ಟಿತ್ತು, ಎಷ್ಟು ಹೊತ್ತು ಬಿಟ್ಟ ಮೇಲೆ ಮತ್ತೆ ಸ್ಟಾರ್ಟ್ ಆಯಿತು, ಇಷ್ಟು ಸಾಕು. ‘ಒಂದೊಂದ್ಸಲ ಸ್ಟಾರ್ಟ್ ಆಗಲ್ಲ’ ಅಂತ ಮೆಕ್ಯಾನಿಕ್ ಮುಂದೆ ಹೇಳಿದರೆ ಅವರು ತಾನೇ ಏನು ಮಾಡಬೇಕು? ಅವರ ಮುಂದೆ ಅದು ನೆಟ್ಟಗೆ ಸ್ಟಾರ್ಟ್ ಆಗುತ್ತದೆ.

ನನ್ನ ಹತ್ತಿರ ಒಂದು ಹಳೆ ಹ್ಯಾಚ್‌ಬ್ಯಾಕ್ ಇತ್ತು. ಬೆಳಿಗ್ಗೆ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್. ದೂರ ಓಡಿಸಿ ಪೆಟ್ರೋಲ್ ಹಾಕಿಸೋಕೆ ನಿಲ್ಲಿಸಿದರೆ ಮಾತ್ರ ಮುಗೀತು, ಸೆಲ್ಫ್ ಗರಗರ ತಿರುಗುತ್ತದೆ, ಎಂಜಿನ್ ಹತ್ತಿಕೊಳ್ಳಲ್ಲ, ಹಿಂದೆ ನಿಂತವರ ಹಾರನ್ ಬೇರೆ. ಬ್ಯಾಟರಿ ಹೊಸದು ಹಾಕಿದ್ದಾಯಿತು, ಪ್ಲಗ್ ಬದಲಾಯಿಸಿದ್ದಾಯಿತು, ಪೆಟ್ರೋಲ್ ಪಂಪ್ ಮೇಲೂ ಅನುಮಾನ ಬಂತು. ಕೊನೆಗೆ ಬರೆದಿಟ್ಟದ್ದನ್ನು ಓದಿ ನೋಡಿದರೆ ಪ್ರತಿ ಸಲವೂ ಎಂಜಿನ್ ಕಾದಿತ್ತು, ಪ್ರತಿ ಸಲವೂ ತಣ್ಣಗಾದ ಮೇಲೆ ತಾನಾಗಿ ಸರಿಹೋಗಿತ್ತು. ಮುಂದಿನ ಸಲ ಸೆಲ್ಫ್ ಹೊಡೆಯುವಾಗ ಮೀಟರ್ ಮೇಲೆ ಕಣ್ಣಿಟ್ಟೆ. ಎಂಜಿನ್ ತಿರುಗುತ್ತಿದೆ, ಆದರೆ ಎಂಜಿನ್ ಎಷ್ಟು ವೇಗ ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು ಸೊನ್ನೆ ಬಿಟ್ಟು ಅಲುಗುತ್ತಿಲ್ಲ. ತಪ್ಪು ಕ್ರ್ಯಾಂಕ್ ಸೆನ್ಸರಿನದು. ‘ಎಂಜಿನ್ ತಿರುಗುತ್ತಿದೆ’ ಅಂತ ಕಂಪ್ಯೂಟರಿಗೆ ಹೇಳುವುದು ಅದರ ಕೆಲಸ. ಹಳೆಯದಾದಾಗ ಬಿಸಿಗೆ ಅದರೊಳಗಿನ ಕನೆಕ್ಷನ್ ಬಿಟ್ಟುಹೋಗುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ. ಆ ಸುದ್ದಿ ಬರದಿದ್ದರೆ ಕಂಪ್ಯೂಟರ್ ಕಿಡಿಯನ್ನೂ ಕೊಡಲ್ಲ, ಇಂಧನವನ್ನೂ ಕೊಡಲ್ಲ. ಹೆಬ್ಬೆರಳು ಗಾತ್ರದ ಒಂದು ಪಾರ್ಟು!

ಸ್ಟಾರ್ಟ್ ಆಗದಿದ್ದರೆ ಮೊದಲು ಕಿವಿ ಉಪಯೋಗಿಸಿ. ಕೀ ತಿರುಗಿಸಿದಾಗ ಟಕಟಕಟಕ ಅಂತ ಬೇಗ ಬೇಗ ಸದ್ದು ಬಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಒಂದೇ ಒಂದು ‘ಟಕ್’ ಬಂದು, ಹೆಡ್‌ಲೈಟ್ ಮಾತ್ರ ಮಂಕಾಗದೆ ಉರಿಯುತ್ತಿದ್ದರೆ ಸ್ಟಾರ್ಟರ್ ಮೋಟರ್ ಕಡೆ ನೋಡಬೇಕು. ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹತ್ತದಿದ್ದರೆ ಬ್ಯಾಟರಿಯನ್ನು ಬಿಟ್ಟುಬಿಡಿ, ಅದರ ತಪ್ಪಿಲ್ಲ. ಪೆಟ್ರೋಲ್ ಕಾರಾದರೆ ಕೀ ಆನ್ ಮಾಡಿ, ಸೆಲ್ಫ್ ಹೊಡೆಯದೆ ಹಿಂದಿನ ಸೀಟಿನ ಕಡೆ ಕಿವಿಗೊಡಿ. ಬಹಳಷ್ಟು ಕಾರುಗಳಲ್ಲಿ ಒಂದೆರಡು ಸೆಕೆಂಡ್ ಗುಂಯ್ ಅನ್ನುತ್ತದೆ, ಅದು ಟ್ಯಾಂಕಿನೊಳಗಿನ ಪಂಪ್. ಯಾವಾಗಲೂ ಕೇಳಿಸುತ್ತಿದ್ದ ಸದ್ದು ಈಗ ಇಲ್ಲ ಅಂದರೆ ಪಂಪಿನ ಫ್ಯೂಸ್ ಮತ್ತು ರಿಲೇ (ಸ್ವಿಚ್ಚಿನ ಕೆಲಸ ಮಾಡುವ ಪುಟ್ಟ ಡಬ್ಬಿ) ನೋಡಿ. ಹಾರನ್ ರಿಲೇ ಮೇಲೆ ಅದೇ ನಂಬರ್ ಇದ್ದರೆ ಕಿತ್ತು ಇಲ್ಲಿ ಹಾಕಿ ನೋಡಬಹುದು, ಹಾರನ್ ಇಲ್ಲದೆ ಗ್ಯಾರೇಜ್ ತನಕ ನಿಧಾನವಾಗಿ ಹೋಗಬಹುದು ಅಲ್ವಾ.

ವೋಲ್ಟ್ ಅಳೆಯೋಕೆ ಒಂದು ಮಲ್ಟಿಮೀಟರ್ ತೆಗೆದುಕೊಳ್ಳಿ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ ಅಂತ ಲೆಕ್ಕ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರುತ್ತದೆ. ಹೊಸ ಕಾರುಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಕಂಪ್ಯೂಟರ್ ಹಿಡಿತದಲ್ಲಿ ಇಡುವುದರಿಂದ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಆದರೆ ಮಲ್ಟಿಮೀಟರಿನ ನಿಜವಾದ ಉಪಯೋಗ ಬೇರೆ ಕಡೆ ಇದೆ, ಅರ್ತ್ ತೊಂದರೆ ಹಿಡಿಯುವುದರಲ್ಲಿ. ಅರ್ತ್ ಅಂದರೆ ಕರೆಂಟ್ ಬ್ಯಾಟರಿಯ ಮೈನಸ್‌ಗೆ ವಾಪಸ್ ಬರುವ ದಾರಿ. ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಇಟ್ಟು ಬೇರೆಯವರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ನಡುವಿನ ಅರ್ತ್ ವೈರ್ ತುಕ್ಕು ಹಿಡಿದಿದೆ ಅಥವಾ ಬೋಲ್ಟ್ ಸಡಿಲ. ವೈಪರ್ ಹಾಕಿದರೆ ಲೈಟ್ ಮಂಕಾಗೋದು, ಇಂಡಿಕೇಟರ್ ಹಾಕಿದರೆ ಬೇರೆ ಯಾವುದೋ ದೀಪ ಮಿಣುಕೋದು, ಪೆಟ್ರೋಲ್ ಮುಳ್ಳು ಕುಣಿಯೋದು, ಇಂಥ ದೆವ್ವದ ಕಾಟಕ್ಕೆಲ್ಲ ಬಹಳ ಸಲ ಇದೇ ಕಾರಣ. ಬೋಲ್ಟ್ ಬಿಚ್ಚಿ, ಹೊಳೆಯುವ ತನಕ ಉಜ್ಜಿ, ಮತ್ತೆ ಬಿಗಿ ಮಾಡಿ. ಲೂಕಸ್ ಕಂಪನಿಯ ವಿದ್ಯುತ್ ಸಾಮಾನು ಇದ್ದ ಹಳೆ ಬ್ರಿಟಿಷ್ ಕಾರುಗಳನ್ನು ಜನ ಆಡಿಕೊಂಡಿದ್ದೇ ಆಡಿಕೊಂಡಿದ್ದು, ಆ ಕಂಪನಿಗೆ ‘ಕತ್ತಲೆಯ ರಾಜಕುಮಾರ’ ಅಂತ ಅಡ್ಡಹೆಸರೂ ಬಿತ್ತು. ಆ ಕಾರುಗಳನ್ನು ಇವತ್ತಿಗೂ ಓಡಿಸುವವರು ಮೊದಲು ಉಜ್ಜುವುದು ಈ ಅರ್ತ್ ಜಾಗಗಳನ್ನೇ.

ಬಿಸಿ ಏರುವ ಕಾರಿನ ಜೊತೆ ಮಾತ್ರ ಹುಡುಗಾಟ ಬೇಡ. ಮುಳ್ಳು ಏರುತ್ತಿದೆ ಅಂತ ಕಂಡ ತಕ್ಷಣ ಎಸಿ ಆಫ್, ಹೀಟರ್ ಫುಲ್. ಬೆವರು ಇಳಿಯುತ್ತದೆ, ಇಳಿಯಲಿ. ಹೀಟರ್ ಅಂದರೆ ಒಳಗಿರುವ ಇನ್ನೊಂದು ಪುಟ್ಟ ರೇಡಿಯೇಟರ್, ಅದು ಎಂಜಿನ್ನಿನ ಶಾಖವನ್ನು ನಿಮ್ಮ ಕಡೆ ಎಳೆದುಕೊಳ್ಳುತ್ತದೆ. ಬದಿಗೆ ತಂದು ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಕ್ಯಾಪ್ ತೆಗೆದು ಒತ್ತಡ ಇಳಿಸಿದಿರೋ ಅಷ್ಟೂ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಏರುತ್ತಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಖುಷಿಪಡಬೇಡಿ. ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಪೂರ್ತಿ ಸೋರಿಹೋಗಿ ಸೆನ್ಸರ್ ಒಣಗಿದರೂ ಹೀಗೇ ತೋರಿಸುತ್ತದೆ, ಆಗ ಇನ್ನು ಸ್ವಲ್ಪ ದೂರ ಓಡಿಸಿದರೂ ಎಂಜಿನ್ ಹೆಡ್ ಸೊಟ್ಟಗಾಗುತ್ತದೆ. ಕೆಳಗೆ ಎಲ್ಲೂ ಸೋರದೆ ಕೂಲೆಂಟ್ ಕಮ್ಮಿಯಾಗುತ್ತಿದ್ದು, ಹಿಂದಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಎಂಜಿನ್ ಹೆಡ್ ಕೆಳಗೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ.

ಓಡುವಾಗಲೇ ಎಂಜಿನ್ ಆಫ್ ಆದರೆ ಏನು ಮಾಡಬೇಕು ಅಂತ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಕೀ ಪೂರ್ತಿ ಹಿಂದಕ್ಕೆ ತಿರುಗಿಸಿ ಎಳೆಯಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು. ಸ್ಟೀರಿಂಗ್ ಭಾರವಾಗುತ್ತದೆ, ಆದರೆ ತಿರುಗುತ್ತದೆ. ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರಿನಲ್ಲಿ ಒಂದೆರಡು ಸಲ ಒತ್ತುವಷ್ಟು ಬಲ ಉಳಿದಿರುತ್ತದೆ, ಸುಮ್ನೆ ಪಂಪ್ ಮಾಡಿ ಅದನ್ನು ಕಳೆಯಬೇಡಿ, ಒಂದೇ ಸಲ ಒತ್ತಿ ಹಿಡಿಯಿರಿ. ಹಜಾರ್ಡ್ ಲೈಟ್ ಹಾಕಿ ಬದಿಗೆ ಬನ್ನಿ.

ಚೆಕ್ ಎಂಜಿನ್ ದೀಪದ ಬಗ್ಗೆ. ಕಾರು ತನ್ನ ದೋಷವನ್ನು ತಾನೇ ಕಂಡುಹಿಡಿದು ದಾಖಲಿಸುವ ವ್ಯವಸ್ಥೆಗೆ ಒಬಿಡಿ-2 ಅಂತ ಹೆಸರು. ಅಮೆರಿಕದಲ್ಲಿ 1996ರಿಂದ ಅದು ಕಡ್ಡಾಯವಾಯಿತು, ಈಗ ಬಹುತೇಕ ಎಲ್ಲ ಕಡೆಯ ಕಾರಲ್ಲೂ ಸ್ಟೀರಿಂಗ್ ಕೆಳಗೆ ಆ ಸಾಕೆಟ್ ಇರುತ್ತದೆ. ಒಂದು ಸಣ್ಣ ಸ್ಕ್ಯಾನರ್ ಚುಚ್ಚಿದರೆ ಕೋಡ್ ಬರುತ್ತದೆ. ಕೋಡ್ ಹೇಳೋದು ಲಕ್ಷಣವನ್ನು, ಹಾಳಾದ ಪಾರ್ಟಿನ ಹೆಸರನ್ನಲ್ಲ. ಪಿ0171 ಬಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಮ್ಮಿ ಅಂತ ಅರ್ಥ. ಅದಕ್ಕೆ ಬಿರುಕು ಬಿಟ್ಟ ಒಂದು ರಬ್ಬರ್ ಪೈಪ್ ಕಾರಣ ಇರಬಹುದು, ಸೋತ ಪಂಪ್ ಇರಬಹುದು, ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿರಬಹುದು. ಕೋಡ್ ನೋಡಿದ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಾಯಿಸುವ ಮೆಕ್ಯಾನಿಕ್ ಸಿಕ್ಕರೆ ಬೇರೆ ಗ್ಯಾರೇಜ್ ಹುಡುಕಿ. ಅಳಿಸುವ ಮುಂಚೆ ಕೋಡ್ ಬರೆದುಕೊಳ್ಳಿ, ದೀಪ ಹತ್ತಿದ ಹೊತ್ತಿನ ವೇಗ, ಬಿಸಿ ಎಲ್ಲ ಅದರ ಜೊತೆ ದಾಖಲಾಗಿರುತ್ತದೆ, ಅಳಿಸಿದರೆ ಅದೂ ಹೋಗುತ್ತದೆ. ಮತ್ತೆ ಒಂದು ಸಲಕ್ಕೆ ಒಂದೇ ಪಾರ್ಟ್ ಬದಲಾಯಿಸಿ. ನಾಲ್ಕು ಒಟ್ಟಿಗೆ ಬದಲಾಯಿಸಿದರೆ ಕಾರು ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ.

ಈಗ ಬ್ರ್ಯಾಂಡ್ ಜಗಳಕ್ಕೆ ಬರೋಣ.

ಫಿಯೆಟ್ ಅಂದರೆ ನಗುವವರು ಬಹಳ. 1970ರ ದಶಕದ ತುಕ್ಕಿನ ನೆನಪು ಅದು, ಸುಳ್ಳೇನಲ್ಲ. ಆದರೆ ಅದೇ ಕಂಪನಿ 2003ರಲ್ಲಿ ತಂದ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ ಸುಜುಕಿ, ಟಾಟಾ, ಓಪೆಲ್ ಕಾರುಗಳ ಬಾನೆಟ್ ಕೆಳಗೂ ಕೂತಿತು. ‘ಫಿಯೆಟ್ ಬೇಡಪ್ಪ, ಸುಜುಕಿ ಡೀಸೆಲ್ ಎಷ್ಟು ಚೆನ್ನಾಗಿದೆ’ ಅನ್ನುವವರ ಹತ್ತಿರ ವಾದ ಮಾಡೋದು ಹೇಗೆ ಹೇಳಿ! 2005ರಿಂದ ಚೆಕ್ ದೇಶದ ಕೋಲಿನ್ ಕಾರ್ಖಾನೆಯಲ್ಲಿ ಟೊಯೋಟಾ ಐಗೋ, ಪೆಜೋ 107, ಸಿಟ್ರೊಯೆನ್ ಸಿ1 ಮೂರೂ ಒಂದೇ ಕಡೆ ತಯಾರಾದವು. ಒಳಗೆ ಹೆಚ್ಚುಕಮ್ಮಿ ಒಂದೇ ಕಾರು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇಂಥ ಜೋಡಿಗಳನ್ನು ಹುಡುಕಿ, ಅಷ್ಟಾಗಿ ಹೆಸರು ಮಾಡದ ಬ್ಯಾಡ್ಜಿನದನ್ನು ತೆಗೆದುಕೊಳ್ಳಿ. ನನ್ನ ಪ್ರಕಾರ ಹಳೆ ಕಾರು ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಒಳ್ಳೆ ಹೆಸರಿನವರೂ ಎಡವಿದ್ದಾರೆ. ಹೋಂಡಾ ಪೆಟ್ರೋಲ್ ಎಂಜಿನ್ ಅಂದರೆ ಕಣ್ಣು ಮುಚ್ಚಿ ನಂಬುವಂಥದ್ದು, ಆದರೆ 2000ರ ಆಸುಪಾಸಿನ ವಿ6 ಒಡಿಸ್ಸಿ, ಅಕಾರ್ಡ್ ಕಾರುಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಾಳಿಕೆ ಬರಲಿಲ್ಲ. ಟೊಯೋಟಾ 2024ರಲ್ಲಿ ಅಮೆರಿಕದಲ್ಲಿ ಸುಮಾರು ಒಂದು ಲಕ್ಷ ಟಂಡ್ರಾ ಮತ್ತು ಲೆಕ್ಸಸ್ ಗಾಡಿಗಳನ್ನು ವಾಪಸ್ ಕರೆಯಿತು, ತಯಾರಿಕೆಯಲ್ಲಿ ಉಳಿದ ಲೋಹದ ಚೂರುಗಳು ಎಂಜಿನ್ ಒಳಗೇ ಇದ್ದವು. ಹುಂಡೈ ಕೂಡ 2015ರಲ್ಲಿ ಅಲ್ಲಿನ ಸೊನಾಟಾಗಳನ್ನು ಇಂಥದೇ ಚೂರುಗಳ ಕಾರಣಕ್ಕೆ ಕರೆಸಿತ್ತು. ಫೋಕ್ಸ್‌ವ್ಯಾಗನ್ 2013ರಲ್ಲಿ ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದ್ದ ಸುಮಾರು 16 ಲಕ್ಷ ಕಾರುಗಳಲ್ಲಿ ಅದರ ಆಯಿಲ್ ಬದಲಾಯಿಸಬೇಕಾಯಿತು. ಬಿಎಂಡಬ್ಲ್ಯುನ ಎನ್47 ಡೀಸೆಲ್‌ನಲ್ಲಿ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆಯುವಂತೆ ಮಾಡುವ ಟೈಮಿಂಗ್ ಚೈನ್ ಇರುವುದು ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆ. ಚೈನ್ ಸವೆದರೆ ಅದನ್ನು ತಲುಪೋಕೇ ದೊಡ್ಡ ಬಿಚ್ಚಾಟ. ಪೆಜೋ, ಸಿಟ್ರೊಯೆನ್‌ಗಳ 1.2 ಲೀಟರ್ ಪ್ಯೂರ್‌ಟೆಕ್ ಅಂತೂ ಪ್ರಶಸ್ತಿ ಮೇಲೆ ಪ್ರಶಸ್ತಿ ಗೆದ್ದ ಎಂಜಿನ್. ಅದರಲ್ಲಿ ಚೈನಿನ ಬದಲು ಇದ್ದ ಟೈಮಿಂಗ್ ಬೆಲ್ಟ್ ಆಯಿಲಿನಲ್ಲೇ ಮುಳುಗಿ ಓಡುತ್ತಿತ್ತು. ಬೆಲ್ಟ್ ಪುಡಿಪುಡಿಯಾಗಿ ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಂಡು ಎಂಜಿನ್‌ಗೆ ಆಯಿಲ್ ಹೋಗೋದೇ ನಿಂತುಹೋಗುವ ದೂರುಗಳು ಬಂದವು. ಪ್ರಶಸ್ತಿ ಕೊಡುವವರು ಹೊಸ ಎಂಜಿನ್ ನೋಡುತ್ತಾರೆ, ನಾವು ಅದೇ ಎಂಜಿನ್ನನ್ನು ಹತ್ತು ವರ್ಷ ಆದ ಮೇಲೆ ನೋಡುತ್ತೇವೆ.

ಸರ್ವೆಗಳನ್ನು ಓದುವಾಗಲೂ ಹೀಗೇ. ಅಮೆರಿಕದ ಸರ್ವೆ ಕಂಪನಿ ಜೆ.ಡಿ. ಪವರ್‌ನ ‘ಇನಿಶಿಯಲ್ ಕ್ವಾಲಿಟಿ’ ಲೆಕ್ಕ ಮೊದಲ 90 ದಿನದ್ದು ಮಾತ್ರ. ಫೋನ್ ಕನೆಕ್ಟ್ ಆಗಲಿಲ್ಲ ಅನ್ನೋದೂ ಅಲ್ಲಿ ಒಂದು ತೊಂದರೆ, ಎಂಜಿನ್ ನಿಂತುಹೋಯಿತು ಅನ್ನೋದೂ ಒಂದು ತೊಂದರೆ. ಹಳೆ ಕಾರು ಕೊಳ್ಳುವವರಿಗೆ ಅದರಿಂದ ಏನೂ ಪ್ರಯೋಜನ ಇಲ್ಲ. ಮೂರು ವರ್ಷದ ಮೇಲಿನ ಲೆಕ್ಕ ನೋಡಿ, ಜರ್ಮನಿಯ ಟ್ಯುವ್ ತಪಾಸಣೆ ವರದಿ ನೋಡಿ, ಅಲ್ಲಿ ವಯಸ್ಸಿನ ಪ್ರಕಾರ ಕಾರುಗಳನ್ನು ಬೇರೆ ಮಾಡಿರುತ್ತಾರೆ.

ಕೆಲವು ಕಾರು ಕೆಟ್ಟದ್ದಲ್ಲ, ಬೇರೆ ಥರ ಅಷ್ಟೇ. ಮಾಜ್ದಾ ಆರ್‌ಎಕ್ಸ್-8ರ ರೋಟರಿ ಎಂಜಿನ್ (ಪಿಸ್ಟನ್ ಬದಲು ತಿರುಗುವ ರೋಟರ್ ಇರುವಂಥದ್ದು) ಬೇಕಂತಲೇ ಸ್ವಲ್ಪ ಸ್ವಲ್ಪ ಆಯಿಲ್ ಸುಡುತ್ತದೆ, ಅದನ್ನು ಹಾಗೇ ಮಾಡಿದ್ದಾರೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಎರಡು ಮಾರು ಸರಿಸಿ ಆಫ್ ಮಾಡಿದರೆ ಪೆಟ್ರೋಲ್ ತುಂಬಿಕೊಂಡು ಮತ್ತೆ ಹತ್ತಲ್ಲ. ಇದನ್ನು ತಿಳಿದುಕೊಂಡು ಪದೇ ಪದೇ ಆಯಿಲ್ ನೋಡುವವರಿಗೆ ಅದು ಚಂದದ ಗಾಡಿ. ಕೀ ಹಾಕಿ ಓಡಿಸಿ ಮರೆತುಬಿಡುವವರು ಅದರ ಹತ್ತಿರ ಹೋಗಬಾರದು, ಅವರಿಗೆ ಟರ್ಬೊ ಇಲ್ಲದ ಮಾಮೂಲಿ ಪೆಟ್ರೋಲ್ ಎಂಜಿನ್, ಮ್ಯಾನ್ಯುಯಲ್ ಗೇರ್, ಮಾರುಕಟ್ಟೆಗೆ ಬಂದು ಎರಡು ವರ್ಷವಾದರೂ ಕಳೆದ ಮಾಡೆಲ್ಲೇ ಸರಿ. ಮೊದಲ ವರ್ಷದ ಕಾರನ್ನು ನಾನಂತೂ ಮುಟ್ಟಲ್ಲ, ಯಾವ ಬ್ಯಾಡ್ಜ್ ಇದ್ದರೂ ಅಷ್ಟೇ.

ಇರುವ ಕಾರನ್ನು ಯಾವಾಗ ಬಿಡಬೇಕು? ಎಂಜಿನ್, ಗೇರ್‌ಬಾಕ್ಸ್ ಹೋದರೆ ಇನ್ನೊಂದು ಸಿಗುತ್ತದೆ. ಚಾಸಿಗೆ, ಸಸ್ಪೆನ್ಶನ್ ಕೂರುವ ಜಾಗಕ್ಕೆ ತುಕ್ಕು ಹಿಡಿದು ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋಗುತ್ತದೆ ಅಂದರೆ ಬಿಡಿ. ನೆರೆ ನೀರಲ್ಲಿ ಮುಳುಗಿದ ಕಾರನ್ನೂ ಬಿಡಿ, ಅದರ ವೈರಿಂಗ್ ಒಳಗೊಳಗೇ ಹಸಿರು ಕಟ್ಟುತ್ತಾ ವರ್ಷಗಟ್ಟಲೆ ಕಾಡುತ್ತದೆ. ಬ್ರೇಕ್ ಪೆಡಲ್ ನಿಧಾನವಾಗಿ ಕೆಳಗಿಳಿಯುತ್ತಿದ್ದರೆ, ಕಾರೊಳಗೆ ಪೆಟ್ರೋಲ್ ವಾಸನೆ ಬಂದರೆ, ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ.

ಮುಂದಿನದನ್ನು ನೋಡಲು ಹೋಗುವಾಗ ‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಅಂತ ಮಾರುವವರಿಗೆ ಹೇಳಿ. ತಣ್ಣಗಿರುವ ಎಂಜಿನ್ ಮೊದಲ ಕೆಲವು ಸೆಕೆಂಡಿನಲ್ಲಿ ಮಾಡುವ ಸದ್ದು, ಬಿಡುವ ಹೊಗೆ ಬಿಸಿಯಾದ ಮೇಲೆ ಕಾಣಲ್ಲ. ಸವೆದ ಚೈನಿನ ಗಲಗಲ ಕೇಳಿಸೋದೂ ಆಗಲೇ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ, ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿ ಹೊರಡಿ.