ಪುಣೆಗೆ ಹೋಗುವ ಮುಂಚೆ ಬರೆದ ಲೆಕ್ಕ

2024ರ ಮಾರ್ಚ್‌ನಲ್ಲಿ ನಮ್ಮ ಮನೆಯವರಿಗೆ ಪುಣೆಯ ಹಿಂಜವಡಿಯಲ್ಲಿ ಕೆಲಸ ಸಿಕ್ಕಿತು. ಈಗಿನದಕ್ಕಿಂತ ಸಂಬಳ ಜಾಸ್ತಿ. ಹೂಂ ಅಥವಾ ಉಹೂಂ ಹೇಳಲು ಹದಿನೈದು ದಿನ ಟೈಮ್ ಕೊಟ್ಟಿದ್ದರು. ನಾವಾಗ ಧಾರವಾಡದ ಮಾಳಮಡ್ಡಿಯಲ್ಲಿದ್ದೆವು. ನಾನು, ಅವರು, ಅತ್ತೆ, ಆರನೇ ತರಗತಿ ಮುಗಿಸುತ್ತಿದ್ದ ಮಗಳು, ಎರಡನೇ ತರಗತಿಯ ಮಗ.

ಅವತ್ತು ರಾತ್ರಿ ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಡುವೆ ಗೆರೆ ಎಳೆದೆ. ಎಡಕ್ಕೆ ಲಾಭ, ಬಲಕ್ಕೆ ನಷ್ಟ. ಅರ್ಧ ಗಂಟೆಯಲ್ಲಿ ಪುಟ ತುಂಬಿತು, ಆದರೆ ಏನೂ ತೀರ್ಮಾನ ಆಗಲಿಲ್ಲ. ‘ಸ್ಕೂಟರ್ ಮಾರಬೇಕು’ ಅನ್ನುವುದೂ ಒಂದು ಸಾಲು, ‘ಅತ್ತೆಯ ಮೊಣಕಾಲು’ ಅನ್ನುವುದೂ ಒಂದು ಸಾಲು. ಎರಡೂ ಒಂದೇ ಅಳತೆ!

ಮರುದಿನ ಬೆಳಿಗ್ಗೆ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ‘ಯಾವಾಗ?’ ಎಂದು ಬರೆದೆ. ಪ್ರತಿ ಸಾಲಿನ ಮುಂದೆ ಅದು ನಮ್ಮನ್ನು ಯಾವಾಗ ಮುಟ್ಟುತ್ತದೆ ಎಂದು ತುಂಬಿದೆ. ಸಂಬಳ ಮೊದಲ ತಿಂಗಳಿಂದಲೇ. ಬಾಡಿಗೆಯೂ ಹಾಗೇ. ಕಾರಿನ ಕೆಲಸ ಒಂದು ವರ್ಷದೊಳಗೆ. ಮಗಳ ಸಿಇಟಿ ಆರು ವರ್ಷದ ನಂತರ, ಮಗನದು ಹತ್ತು ವರ್ಷದ ನಂತರ. ಆಗ ಗೊತ್ತಾಯಿತು, ನಾವು ದಿನಾ ಮಾತಾಡುತ್ತಿದ್ದದ್ದೆಲ್ಲ ಮೊದಲ ವರ್ಷದ ವಿಷಯ. ದೂರದಲ್ಲಿದ್ದದ್ದನ್ನು ಯಾರೂ ಬಾಯಿಬಿಟ್ಟು ಹೇಳಿರಲೇ ಇಲ್ಲ.

ದುಡ್ಡಿನ ಲೆಕ್ಕ ಬೇಗ ಮುಗಿಯಿತು. ಹಿಂಜವಡಿ ಹತ್ತಿರದ ವಾಕಡ್‌ನಲ್ಲಿ ಎರಡು ಬೆಡ್‌ರೂಮಿನ ಮನೆಗೆ 30,000 ಬಾಡಿಗೆ, ಎರಡು ತಿಂಗಳ ಡಿಪಾಸಿಟ್. ಮಾಳಮಡ್ಡಿ ಮನೆಯ ಮುಂದಿನ ಭಾಗ ಬಾಡಿಗೆಗೆ ಕೊಟ್ಟರೆ ಬರುವುದು 11,000. ಹೆಚ್ಚಿಗೆ ಬರುವ ಸಂಬಳದಲ್ಲಿ ಸುಮಾರು ಅರ್ಧ ಬಾಡಿಗೆಗೇ ಹೋಗುತ್ತದೆ ಎಂದು ಕಂಡಿತು. ಉಳಿದ ಅರ್ಧಕ್ಕಾಗಿ ಊರು ಬಿಡಬೇಕಾ ಎಂಬುದೇ ಪ್ರಶ್ನೆಯಾಯಿತು.

ನನ್ನ ನಿದ್ದೆ ಕೆಡಿಸಿದ್ದು ಶಾಲೆಯ ವಿಷಯ. ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಕೋಟಾದ ಸೀಟು ಬೇಕಾದರೆ ಸಾಮಾನ್ಯವಾಗಿ ನೋಡುವುದು ಎರಡು. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ, ಎರಡರಲ್ಲಿ ಒಂದನ್ನಾದರೂ ಇಲ್ಲೇ ಪಾಸು ಮಾಡಿರಬೇಕು. ಮಗಳಿಗೆ ಆಗಿದ್ದದ್ದು 6 ವರ್ಷ. ಒಂದೇ ಒಂದು ವರ್ಷ ಕಡಿಮೆ!

‘ಹಾಗಾದ್ರ ನಾ ಒಬ್ಬನೇ ಹೋಗ್ತೀನಿ, ನೀವು ಒಂದು ವರ್ಷ ಇಲ್ಲೇ ಇರ್ರಿ’ ಎಂದರು ನಮ್ಮ ಮನೆಯವರು. ಎರಡು ದಿನ ಅದನ್ನೇ ಯೋಚಿಸಿದೆವು. ಆಮೇಲೆ ನೋಟ್‌ಬುಕ್ಕಿನಲ್ಲಿ ತರಗತಿಗಳನ್ನು ಒಂದರ ಕೆಳಗೊಂದು ಬರೆದು ಎಣಿಸಿದಾಗ ನಮ್ಮ ತಪ್ಪು ಕಂಡಿತು. ಏಳನೇ ತರಗತಿ ಇಲ್ಲಿ ಓದಿಸಿ, ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಪುಣೆಯಲ್ಲಿ ಮಾಡಿಸಿದರೆ 7 ವರ್ಷ ಆದರೂ ಪ್ರಯೋಜನ ಇಲ್ಲ. ಅದೇ ಆರನೇ ತರಗತಿ ಮುಗಿಸಿ ಹೊರಟು, ಪಿಯುಸಿ ಎರಡು ವರ್ಷ ಧಾರವಾಡಕ್ಕೆ ಬಂದು ಓದಿದರೆ 6 ಮತ್ತು 2 ಸೇರಿ 8 ವರ್ಷ. ಪಿಯುಸಿಯೂ ಇಲ್ಲೇ ಪಾಸಾದಂತೆ. ಅಂದರೆ ಗಂಡ ಹೆಂಡತಿ ಒಂದು ವರ್ಷ ಬೇರೆ ಬೇರೆ ಇರುವುದಕ್ಕೆ ಕಾರಣವೇ ಇರಲಿಲ್ಲ.

ಮಗನ ಲೆಕ್ಕ ಬೇರೆ. ಅವನಿಗೆ ಆಗಿದ್ದದ್ದು ಎರಡೇ ವರ್ಷ. ಪಿಯುಸಿಗೆ ಬಂದರೂ ನಾಲ್ಕು. ಅವನ ದಾರಿ ಮಹಾರಾಷ್ಟ್ರದ್ದೇ. ಅಲ್ಲಿ ಮೆಡಿಕಲ್‌ನ ರಾಜ್ಯ ಕೋಟಾಕ್ಕೆ ಹತ್ತನೇ, ಹನ್ನೆರಡನೇ ತರಗತಿ ಎರಡನ್ನೂ ಮಹಾರಾಷ್ಟ್ರದಲ್ಲಿ ಪಾಸು ಮಾಡಿರಬೇಕು ಎಂಬ ನಿಯಮ ಇದೆ. ಹಾಗಾಗಿ ಅವನನ್ನು ಅರ್ಧಕ್ಕೆ ಎಬ್ಬಿಸಿಕೊಂಡು ಬರಬಾರದು ಎಂದು ಅವತ್ತೇ ಬರೆದಿಟ್ಟೆ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಎರಡು ರಾಜ್ಯದ ಲೆಕ್ಕ. ಮಕ್ಕಳಿರುವವರು ಇದನ್ನು ಒಬ್ಬೊಬ್ಬರಿಗೂ ಬೇರೆ ಬೇರೆ ಮಾಡಿ ನೋಡಿ ಎಂದು ಕೈಮುಗಿದು ಹೇಳುತ್ತೇನೆ. ನಿಯಮಗಳು ಬದಲಾಗುತ್ತಿರುತ್ತವೆ, ಆ ವರ್ಷದ ಕೈಪಿಡಿಯನ್ನೇ ಓದಿ. ಮೀಸಲಾತಿಯ ಮೇಲೆ ನಂಬಿಕೊಂಡವರು ಇನ್ನೂ ಹುಷಾರಾಗಿರಬೇಕು. ಕರ್ನಾಟಕದ ಜಾತಿ ಪ್ರಮಾಣಪತ್ರ ತೋರಿಸಿ ಇನ್ನೊಂದು ರಾಜ್ಯದ ಕೋಟಾದಲ್ಲಿ ಸೀಟು ಕೇಳಲು ಸಾಮಾನ್ಯವಾಗಿ ಬರುವುದಿಲ್ಲ.

ಊರು ಬಿಡುವ ಮೊದಲು ಮಗಳ ಆರೂ ವರ್ಷದ ವ್ಯಾಸಂಗ ಪ್ರಮಾಣಪತ್ರ ಶಾಲೆಯಿಂದ ಬರೆಸಿಕೊಂಡು, ಬಿಇಒ ಕಚೇರಿಯಲ್ಲಿ ಮೇಲುರುಜು ಮಾಡಿಸಿದೆ. ಆರು ವರ್ಷ ಬಿಟ್ಟು ಬಂದು ಕೇಳಿದರೆ ಹಳೆಯ ದಾಖಲೆ ಯಾರು ಹುಡುಕಿ ಕೊಡುತ್ತಾರೆ ಹೇಳಿ? ಅದರ ಮೇಲೆ ಅವಳ ಸ್ಯಾಟ್ಸ್ ನಂಬರ್ (ಶಾಲಾ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ ನಂಬರ್) ಪೆನ್ಸಿಲ್‌ನಲ್ಲಿ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟೆ. ಒಡವೆಗಿಂತ ಜೋಪಾನವಾಗಿ ಇಟ್ಟಿದ್ದೇನೆ.

ಅತ್ತೆಯ ಹತ್ತಿರ ಮಾತಾಡುವುದಕ್ಕೆ ನನಗೆ ಧೈರ್ಯ ಬರಲು ಒಂದು ವಾರ ಹಿಡಿಯಿತು. ಅವರು ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

‘ನೋಡವಾ, ನಮ್ಮಪ್ಪ ಮೆಟ್ರಿಕ್ ಬರದಾಗ ಧಾರವಾಡ ಮುಂಬೈ ರಾಜ್ಯದಾಗ ಇತ್ತು. ಪುಣೆ ನಮಗ ಪರದೇಶ ಅಲ್ಲ. ಹೋಗ್ರಿ. ಆದ್ರ ಮನಿ ಮಾತ್ರ ಮಾರಬ್ಯಾಡ್ರಿ.’

ಅವರು ಹೇಳಿದ್ದು ನಿಜ. 1956ರ ತನಕ ಧಾರವಾಡ ಮುಂಬೈ ರಾಜ್ಯದಲ್ಲೇ ಇತ್ತು. ಗದಗಿನ ಭೀಮಸೇನ ಜೋಶಿಯವರು ನೆಲೆ ನಿಂತದ್ದು ಪುಣೆಯಲ್ಲಿ. ಅವರ ಗುರು, ಕುಂದಗೋಳದ ಸವಾಯಿ ಗಂಧರ್ವರ ಹೆಸರಿನ ಸಂಗೀತ ಉತ್ಸವ ಪ್ರತಿ ಡಿಸೆಂಬರ್‌ನಲ್ಲಿ ಅಲ್ಲಿ ನಡೆಯುತ್ತದೆ. ಅತ್ತೆಗೆ ಅದೊಂದು ಆಸೆ ಮೊದಲಿಂದಲೂ ಇತ್ತಂತೆ, ನಮಗೆ ಹೇಳಿರಲಿಲ್ಲ. ಮನೆ ಮಾರುವ ವಿಚಾರ ಅಲ್ಲಿಗೇ ಬಿಟ್ಟೆವು. ಹಿಂದಿನ ಎರಡು ಕೋಣೆ ಅತ್ತೆಗೆ, ಮುಂದಿನ ಭಾಗ ಬಾಡಿಗೆಗೆ. ಅಲ್ಲಿಗೆ ಬಂದ ಇಬ್ಬರು ಟೀಚರಮ್ಮಂದಿರು ಅತ್ತೆಗೆ ಜೊತೆಯೂ ಆದರು. ಆಧಾರ್‌ನಲ್ಲಿ ನಮ್ಮೆಲ್ಲರ ವಿಳಾಸ ಪುಣೆಗೆ ಬದಲಾಯಿಸಿದೆವು, ಅತ್ತೆಯದನ್ನು ಮುಟ್ಟಲಿಲ್ಲ. ಅವರು ವರ್ಷದಲ್ಲಿ ಜಾಸ್ತಿ ದಿನ ಧಾರವಾಡದಲ್ಲೇ ಇರುತ್ತಾರೆ. ಶಕ್ತಿ ಯೋಜನೆಯ ಬಸ್ಸಿಗೂ ಕರ್ನಾಟಕದ ವಿಳಾಸ ಬೇಕು.

ಕಾರಿನದು ದೊಡ್ಡ ರಗಳೆ. ಬೇರೆ ರಾಜ್ಯದಲ್ಲಿ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಬೇಕು ಎಂಬುದು ಮೋಟಾರು ವಾಹನ ಕಾಯ್ದೆ. ಅದಕ್ಕೆ ಮೊದಲು ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ ತೆಗೆದುಕೊಳ್ಳಬೇಕು, ಫಾರಂ 28. ಚಾಸಿಸ್ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್‌ನಿಂದ ಉಜ್ಜಿ ಅಚ್ಚು ತೆಗೆಯಬೇಕು. ಮೂರು ಹಾಳೆ ಹರಿದು ನಾಲ್ಕನೆಯದರಲ್ಲಿ ಅಂಕಿ ಸರಿಯಾಗಿ ಮೂಡಿತು. ನಾವು ಒಂದೇ ಸಲಕ್ಕೆ ಕಟ್ಟಿದ್ದ ಲೈಫ್ ಟ್ಯಾಕ್ಸ್ ಕರ್ನಾಟಕದ್ದು. ಪುಣೆಯಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಿ ಎಂಎಚ್ 14 ನಂಬರ್ ಮಾಡಿಸಿಕೊಂಡ ಮೇಲೆ, ಉಳಿದ ವರ್ಷಗಳ ಹಣ ವಾಪಸು ಕೊಡಿ ಎಂದು ಧಾರವಾಡಕ್ಕೆ ಅರ್ಜಿ ಹಾಕಬೇಕು. ಅಲ್ಲಿಯ ತನಕ ಎರಡೂ ಕಡೆಯ ಟ್ಯಾಕ್ಸ್ ನಮ್ಮ ಕೈಯಿಂದಲೇ. ಈ ಮೊತ್ತವನ್ನು ಬೇರೆ ಎತ್ತಿಡಿ. ಸ್ಕೂಟರ್‌ಗೆ ಅಷ್ಟೆಲ್ಲ ಓಡಾಟ ಬೇಡ ಎಂದು ಮಾರಿಬಿಟ್ಟೆವು.

ಸಾಮಾನು ಸಾಗಿಸಿದವರು ಮಾತ್ರ ನಮ್ಮನ್ನು ನೋಯಿಸಿದರು. ಇಡೀ ಲಾರಿ ನಮ್ಮದೇ ಎಂದು ಹೇಳಿ, ನಡುವೆ ಬೇರೆಯವರ ಸಾಮಾನನ್ನೂ ತುಂಬಿದರು. ಐದು ದಿನ ತಡ. ಬರೀ ನೆಲದ ಮೇಲೆ ಚಾದರ ಹಾಸಿ ಮಕ್ಕಳನ್ನು ಮಲಗಿಸಿದೆ. ಒಂದು ಕಬ್ಬಿಣದ ಹಂಚು, ಜೋಳದ ಹಿಟ್ಟು, ಶೇಂಗಾ ಚಟ್ನಿ ಕಾರಿನಲ್ಲೇ ತಂದಿದ್ದೆ, ಅದೇ ಕಾಪಾಡಿತು. ಲಾರಿ ಪೂರ್ತಿ ನಮ್ಮದೇ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಬೇಕಿತ್ತು.

ನಷ್ಟದ ಕಡೆ ಬರೆದಿದ್ದ ಎರಡು ಸಾಲು ಹೊಡೆದು ಹಾಕಿದ್ದೂ ಇದೆ. ಒಂದು ಊಟ. ಪುಣೆಯಲ್ಲಿ ಜೋಳಕ್ಕೆ ಬರವಿಲ್ಲ, ನಮ್ಮ ರೊಟ್ಟಿಗೆ ಅಲ್ಲಿ ಭಾಕರಿ ಅನ್ನುತ್ತಾರೆ. ಇನ್ನೊಂದು ಮರಾಠಿ. 2020ರ ಕಾಯ್ದೆಯಿಂದ ಅಲ್ಲಿ ಎಲ್ಲ ಬೋರ್ಡಿನ ಶಾಲೆಗಳಲ್ಲೂ ಮರಾಠಿ ಕಲಿಸುತ್ತಾರೆ. ಮಗಳು ಏಳನೇ ತರಗತಿಯಲ್ಲಿ ಹೊಸದಾಗಿ ಶುರುಮಾಡಬೇಕಲ್ಲ ಎಂದು ಅಳುಕಿದ್ದೆ. ಲಿಪಿ ಹಿಂದಿಯದೇ ಆದ್ದರಿಂದ ಓದುವುದು ಬೇಗ ಬಂತು. ಮರಾಠಿಯಲ್ಲೂ ‘ಳ’ ಇದೆ. ಹಿಂದಿ ಮನೆಮಾತಿನ ಮಕ್ಕಳಿಗೆ ಹೊರಳದ ಆ ಅಕ್ಷರ ಇವಳಿಗೆ ಸಲೀಸು. ಟೀಚರ್ ಇವಳ ಹತ್ತಿರ ಹೇಳಿಸುತ್ತಾರಂತೆ.

ಲಾಭದ ಕಡೆ ನಾನು ಬರೆಯದೇ ಇದ್ದದ್ದೊಂದು ಆಮೇಲೆ ಸೇರಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿ ಪುಣೆ ವಂದೇ ಭಾರತ್ ರೈಲು ಶುರುವಾಯಿತು. ಧಾರವಾಡದಲ್ಲೂ ನಿಲ್ಲುತ್ತದೆ. ಡಿಸೆಂಬರ್‌ನಲ್ಲಿ ಅತ್ತೆ ಅದರಲ್ಲೇ ಬಂದರು. ರಾತ್ರಿ ಬಸ್ಸಿನಲ್ಲಿ ಕಾಲು ಮಡಚಿ ಕೂರುವ ಕಷ್ಟ ತಪ್ಪಿತು.

ಕನ್ನಡ ಬರೆಯುವುದು ಮಕ್ಕಳಿಗೆ ಮರೆಯದಿರಲಿ ಎಂದು ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಪ್ರತಿ ಭಾನುವಾರ ಇಬ್ಬರೂ ಅಜ್ಜಿಗೆ ಒಂದೊಂದು ಪುಟ ಬರೆಯುತ್ತಾರೆ. ನಾನು ಫೋಟೋ ತೆಗೆದು ಕಳಿಸುತ್ತೇನೆ. ಅತ್ತೆ ಒಂದೊಂದೇ ತಪ್ಪನ್ನು ಫೋನಿನಲ್ಲಿ ಓದಿ ಹೇಳುತ್ತಾರೆ, ‘ಒತ್ತಕ್ಷರ ಎಲ್ಲಿ ಹೋತು ಪುಟ್ಟಿ?’ ಹೊರನಾಡು, ಗಡಿನಾಡು ಕನ್ನಡಿಗರೆಂದು ಸಿಇಟಿಗೆ ಅರ್ಜಿ ಹಾಕುವವರು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು ಎಂಬುದೂ ನನ್ನ ತಲೆಯಲ್ಲಿದೆ. ಮಗನಿಗೆ ಆ ದಾರಿ ಸಿಗುತ್ತದೋ ಇಲ್ಲವೋ, ಅಕ್ಷರವಂತೂ ಕೈಯಲ್ಲಿರಲಿ.

ಮಗಳು ಈಗ ಎಂಟನೇ ತರಗತಿ. ನೋಟ್‌ಬುಕ್ಕಿನಲ್ಲಿ ಅವಳ ಸಾಲಿನ ಮುಂದೆ 2028ರ ಜೂನ್ ಎಂದು ಬರೆದಿದೆ. ಪಿಯುಸಿಗೆ ಅಜ್ಜಿ ಮನೆಗೆ ಹೋಗುತ್ತಾಳಾ, ಇಲ್ಲೇ ಓದುತ್ತಾಳಾ ಎಂದು ಅಷ್ಟರೊಳಗೆ ಅವಳನ್ನೇ ಕೂರಿಸಿಕೊಂಡು ಕೇಳಬೇಕು. ಹಿಂದಿನ ಸಲ ಅವಳನ್ನು ಕೇಳಿರಲಿಲ್ಲ.