ಡಿಸೈನ್ ಸಾಫ್ಟ್‌ವೇರ್ ಚಂದಾ: ಕಟ್ಟುವ ಮುನ್ನ, ಬಿಡುವ ಮುನ್ನ

ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಪೋಸ್ಟರು, ಬೇಸಿಗೆಯಲ್ಲಿ ಶಾಲೆಯ ದಾಖಲಾತಿ ಕರಪತ್ರ, ಹಬ್ಬಕ್ಕೆ ಅಂಗಡಿಯ ರಿಯಾಯಿತಿ ಜಾಹೀರಾತು, ನಡುನಡುವೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಶುಭಾಶಯ. ಹಿಂದೆ ಇಂಥದ್ದಕ್ಕೆಲ್ಲ ಡಿಟಿಪಿ ಅಂಗಡಿಗೇ ಹೋಗಬೇಕಿತ್ತು. ಈಗ ಬೇಕರಿಯವರು, ಟ್ಯೂಷನ್ ನಡೆಸುವವರು, ಮಹಿಳಾ ಸಂಘದವರು ತಾವೇ ಮಾಡಿಕೊಳ್ಳುತ್ತಿದ್ದಾರೆ. ಸಾಫ್ಟ್‌ವೇರ್ ಕಲಿಯುವುದು ಅವರಿಗೆ ಕಷ್ಟವಾಗಿಲ್ಲ. ಎಡವುತ್ತಿರುವುದು ಬೇರೆ ಕಡೆ: ಯಾವುದಕ್ಕೆ ದುಡ್ಡು ಕೊಡಬೇಕು, ಖಾತೆ ಯಾರ ಹೆಸರಿನಲ್ಲಿರಬೇಕು, ಬೇಡವಾದಾಗ ಹೇಗೆ ನಿಲ್ಲಿಸಬೇಕು ಎಂಬಲ್ಲಿ. ನಿಲ್ಲಿಸಿದ್ದೇವೆ ಎಂದುಕೊಂಡು ತಿಂಗಳುಗಟ್ಟಲೆ ದುಡ್ಡು ಕಟ್ಟಿದವರನ್ನು ಬಹಳ ನೋಡಿದ್ದೇನೆ. ಹಾಗಾಗಿ ಈ ಲೇಖನದಲ್ಲಿ ಕೊನೆಯ ಹೆಜ್ಜೆಗೇ ಹೆಚ್ಚು ಜಾಗ.

ಹೆಜ್ಜೆ 1: ದುಡ್ಡು ಕೊಡುವ ಅಗತ್ಯ ಇದೆಯೇ ನೋಡಿ

ಒಂದು ತಿಂಗಳು ಉಚಿತ ಖಾತೆಯಲ್ಲೇ ಕೆಲಸ ಮಾಡಿ. ಎಲ್ಲಿ ತಡೆಯಾಯಿತು ಎಂದು ಬರೆದಿಟ್ಟುಕೊಳ್ಳಿ. ಬ್ರೌಸರಿನಲ್ಲೇ ಪೋಸ್ಟರು, ಕರಪತ್ರ ಮಾಡಿಕೊಳ್ಳುವ ಕ್ಯಾನ್ವಾದಲ್ಲಿ ಫೋಟೊದ ಹಿನ್ನೆಲೆ ಅಳಿಸುವುದು, ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಇಳಿಸಿಕೊಳ್ಳುವುದು, ನಮ್ಮದೇ ಫಾಂಟ್ ಏರಿಸುವುದು, ಒಂದು ವಿನ್ಯಾಸವನ್ನು ಬೇರೆ ಅಳತೆಗಳಿಗೆ ಒಮ್ಮೆಲೇ ಬದಲಿಸುವುದು, ಮುದ್ರಣಕ್ಕೆ ಬೇಕಾದ ಸಿಎಂವೈಕೆ ಬಣ್ಣದ ಪಿಡಿಎಫ್ ಪಡೆಯುವುದು ದುಡ್ಡು ಕಟ್ಟುವ ‘ಪ್ರೊ’ ಖಾತೆಯವರಿಗೆ ಮಾತ್ರ. ಈ ಐದರಲ್ಲಿ ಒಂದೂ ನಿಮಗೆ ವಾರಕ್ಕೊಮ್ಮೆಯಾದರೂ ಬೇಕಾಗುತ್ತಿಲ್ಲ ಎಂದಾದರೆ ಚಂದಾ ಬೇಡ.

ಶಾಲಾ ಶಿಕ್ಷಕರು ಮತ್ತು ನೋಂದಾಯಿತ ಸೇವಾ ಸಂಸ್ಥೆಗಳು ಇನ್ನೊಂದು ವಿಷಯ ಗಮನಿಸಬೇಕು. ಅರ್ಹ ಶಾಲೆಗಳಿಗೂ ಲಾಭರಹಿತ ಸಂಸ್ಥೆಗಳಿಗೂ ಕ್ಯಾನ್ವಾ ತನ್ನ ಪ್ರೊ ಸೌಲಭ್ಯಗಳನ್ನು ಉಚಿತವಾಗಿಯೇ ಕೊಡುತ್ತದೆ. ದಾಖಲೆ ಏರಿಸಿ ಅರ್ಜಿ ಹಾಕಬೇಕು, ಅಷ್ಟೇ. ಇದು ಗೊತ್ತಿಲ್ಲದೆ ಸಂಬಳದಲ್ಲಿ ಮುರಿದು ದುಡ್ಡು ಕಟ್ಟುವ ಮೇಷ್ಟ್ರುಗಳು ಇದ್ದಾರೆ.

ಲೋಗೊ ಮಾಡುವುದಕ್ಕಂತೂ ಚಂದಾದ ಸಾಫ್ಟ್‌ವೇರ್ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಇಂಕ್‌ಸ್ಕೇಪ್ ಉಚಿತ, ಮುಕ್ತ ತಂತ್ರಾಂಶ. ಎಷ್ಟು ಹಿಗ್ಗಿಸಿದರೂ ಒಡೆಯದ ಎಸ್‌ವಿಜಿ ಕಡತ ಕೊಡುತ್ತದೆ, ಕನ್ನಡವನ್ನೂ ಸರಿಯಾಗಿ ಮೂಡಿಸುತ್ತದೆ. ಫೋಟೊ ತಿದ್ದಲು ಜಿಂಪ್ ಇದೆ. ಯಾರಾದರೂ ಫೋಟೊಶಾಪ್‌ನ ಪಿಎಸ್‌ಡಿ ಕಡತ ಕಳಿಸಿದರೆ ಬ್ರೌಸರಿನಲ್ಲೇ ಫೋಟೊಪೀ ತೆರೆದು ನೋಡಬಹುದು. ಅಫಿನಿಟಿ ಎಂಬ ವಿನ್ಯಾಸ ಸಾಫ್ಟ್‌ವೇರ್ ರೂಪಿಸಿದ ಸೆರಿಫ್ ಕಂಪನಿಯನ್ನು ಕ್ಯಾನ್ವಾ 2024ರಲ್ಲಿ ಕೊಂಡಿತು. ಮರುವರ್ಷದ ಅಕ್ಟೋಬರ್‌ನಲ್ಲಿ ಅಫಿನಿಟಿಯನ್ನೂ ಉಚಿತ ಮಾಡಿತು. ಅದು ಒಳ್ಳೆಯ ಸಾಧನ, ಆದರೆ ಕನ್ನಡದಲ್ಲಿ ಕೆಲಸ ಮಾಡುವವರು ಕೆಳಗಿನ ಪರೀಕ್ಷೆ ಮುಗಿಸಿದ ಮೇಲೆಯೇ ಅದಕ್ಕೆ ಕೈಹಾಕಿ.

ಇಲ್ಲೇ ಒಂದು ಎಚ್ಚರಿಕೆ. ‘ಪ್ರೊ ಖಾತೆ, ಜೀವಮಾನಕ್ಕೆ 99 ರೂಪಾಯಿ’ ಎಂದು ಟೆಲಿಗ್ರಾಂ, ಇನ್‌ಸ್ಟಾಗ್ರಾಂಗಳಲ್ಲಿ ಮಾರುತ್ತಾರಲ್ಲ, ಅದನ್ನು ಕೊಳ್ಳಬೇಡಿ. ಬಹುತೇಕ ಸಲ ನಿಮಗೆ ಸಿಗುವುದು ಯಾವುದೋ ಶಾಲೆಯ ಅಥವಾ ಅಪರಿಚಿತರ ತಂಡಕ್ಕೆ ಸೇರುವ ಆಹ್ವಾನ. ಆ ತಂಡದ ಅಡ್ಮಿನ್ ನಿಮ್ಮನ್ನು ಯಾವತ್ತು ಬೇಕಾದರೂ ಹೊರಹಾಕಬಹುದು, ಅದರೊಳಗೆ ಮಾಡಿದ ವಿನ್ಯಾಸಗಳೂ ಕೈತಪ್ಪುತ್ತವೆ. ಕ್ರ್ಯಾಕ್ ಮಾಡಿದ ಫೋಟೊಶಾಪ್ ಇನ್ನೂ ಕೆಟ್ಟದ್ದು: ಲೆಕ್ಕಪತ್ರ, ಬ್ಯಾಂಕ್ ಲಾಗಿನ್ ಎಲ್ಲ ಇರುವ ಕಂಪ್ಯೂಟರಿಗೆ ವೈರಸ್ ಬರಮಾಡಿಕೊಂಡ ಹಾಗೆ.

ಹೆಜ್ಜೆ 2: ಕನ್ನಡದ ಪರೀಕ್ಷೆ

ಜಾಹೀರಾತಿನಲ್ಲಿ ತೋರಿಸುವ ಟೆಂಪ್ಲೇಟುಗಳೆಲ್ಲ ಇಂಗ್ಲಿಷಿನವು. ನಮ್ಮ ಲಿಪಿ ಅದರಲ್ಲಿ ಹೇಗೆ ಕೂರುತ್ತದೆ ಎಂದು ಉಚಿತ ಪ್ರಯೋಗದ ದಿನಗಳಲ್ಲೇ ತಿಳಿದುಕೊಳ್ಳಬೇಕು. ಈ ಪದಗಳನ್ನು ಟೈಪ್ ಮಾಡಿ ನೋಡಿ: ಸ್ವಾತಂತ್ರ್ಯ, ರಾಷ್ಟ್ರ, ಲಕ್ಷ್ಮೀ, ಕೃಷ್ಣ, ಪೂರ್ಣಿಮಾ, ಸಾಫ್ಟ್‌ವೇರ್. ಒತ್ತಕ್ಷರಗಳು ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತರೆ, ಅರ್ಕಾವೊತ್ತು ಸ್ಥಳ ತಪ್ಪಿದರೆ, ‘ಫ್ಟ್’ಗೆ ‘ವ’ ಒತ್ತಾಗಿ ಅಂಟಿಕೊಂಡರೆ ಆ ಸಾಫ್ಟ್‌ವೇರ್ ಬಿಡಿ, ಇಲ್ಲವೇ ಸೆಟ್ಟಿಂಗ್ ಸರಿಪಡಿಸಿ. ಅಡೋಬಿ ಕಂಪನಿಯ ಇಲ್ಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ‘ಶೋ ಇಂಡಿಕ್ ಆಪ್ಷನ್ಸ್’ ಆಯ್ಕೆ ಮಾಡಿ, ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ’ ಕಂಪೋಸರ್ ಆರಿಸಿ. ಅಕ್ಷರ ಒಡೆಯುತ್ತಿದೆ ಎಂಬ ದೂರು ಸಾಮಾನ್ಯವಾಗಿ ಇಷ್ಟರಲ್ಲೇ ಬಗೆಹರಿಯುತ್ತದೆ.

ಅಕ್ಷರ ಸರಿ ಮೂಡಿದ ಮೇಲೆ ಎರಡು ಸಾಲು ಬರೆದು ಸಾಲಿನ ಅಂತರ ನೋಡಿ. ಟೆಂಪ್ಲೇಟಿನ ಅಂತರ ಇಂಗ್ಲಿಷಿಗೆ ಹೊಂದಿಸಿದ್ದು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ನಾನು 1.4ಕ್ಕಿಂತ ಕಡಿಮೆ ಇಡುವುದಿಲ್ಲ. ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಯಲ್ಲೇ ಬಿಡಿ.

ಕೊನೆಗೆ ಪಿಡಿಎಫ್ ಇಳಿಸಿ, ಬೇರೆಯವರ ಫೋನಿಗೆ ಕಳಿಸಿ, ಅಲ್ಲಿ ಹಿಗ್ಗಿಸಿ ನೋಡಿ. ನಿಮ್ಮ ಪರದೆಯ ಮೇಲೆ ಸರಿಯಿದ್ದದ್ದು ಅಲ್ಲೂ ಸರಿಯಿದ್ದರೆ ಪರೀಕ್ಷೆ ಪಾಸು. ಊರಿನ ಪ್ರೆಸ್‌ಗಳಲ್ಲಿ ಈಗಲೂ ಕೋರೆಲ್‌ಡ್ರಾದ ಬಳಕೆಯೇ ಹೆಚ್ಚು. ಹೀಗಾಗಿ ಅಕ್ಷರಗಳನ್ನು ಆಕೃತಿಗೆ ಬದಲಿಸಿ, ಅಥವಾ ಕ್ಯಾನ್ವಾದಲ್ಲಾದರೆ ‘ಫ್ಲ್ಯಾಟನ್’ ಗುರುತು ಹಾಕಿ ಪಿಡಿಎಫ್ ಕೊಡುವುದು ಕ್ಷೇಮ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಟೈಪಾದ ಪಠ್ಯವನ್ನು ನೇರ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.

ಫಾಂಟ್ ಕಡಿಮೆ ಎಂದು ಪ್ರೊ ಕೊಳ್ಳುವವರೂ ಇದ್ದಾರೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ, ಅನೇಕ್ ಕನ್ನಡ, ಹುಬ್ಬಳ್ಳಿ: ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಮೊದಲು ಇವನ್ನು ಬಳಸಿ ನೋಡಿ.

ಹೆಜ್ಜೆ 3: ಖಾತೆ ಸಂಸ್ಥೆಯ ಹೆಸರಿನಲ್ಲಿರಲಿ

ಡಿಸೈನ್ ಮಾಡುವ ಹುಡುಗನ ಸ್ವಂತ ಜಿಮೇಲ್‌ನಿಂದ ಖಾತೆ ತೆರೆಯಬೇಡಿ. ಅವನು ಕೆಲಸ ಬಿಟ್ಟ ದಿನ ಲೋಗೊ, ಬ್ಯಾನರ್, ಐದು ವರ್ಷದ ವಿನ್ಯಾಸ ಎಲ್ಲವೂ ಅವನೊಂದಿಗೇ ಹೋಗುತ್ತವೆ. ಅವನಿಗೆ ಕೆಟ್ಟ ಉದ್ದೇಶ ಇಲ್ಲದಿದ್ದರೂ ಹೋಗುತ್ತವೆ. ಸಂಸ್ಥೆಯ ಹೆಸರಿನಲ್ಲಿ ಒಂದು ಇಮೇಲ್ ಮಾಡಿ, ಅದರ ರಿಕವರಿ ಫೋನ್ ನಂಬರ್ ಮಾಲೀಕರದ್ದೋ ಕಾರ್ಯದರ್ಶಿಯದ್ದೋ ಇರಲಿ. ನಾಲ್ಕು ಜನ ಒಂದೇ ಪಾಸ್‌ವರ್ಡ್ ಹಂಚಿಕೊಳ್ಳುವುದೂ ಬೇಡ. ನೋಡಿ ತಿದ್ದುವವರಿಗೆ ವಿನ್ಯಾಸದ ಲಿಂಕ್ ಕಳಿಸಿದರೆ ಸಾಕು, ಅವರಿಗೆ ಬೇರೆ ಚಂದಾ ಬೇಕಿಲ್ಲ.

ಹೆಜ್ಜೆ 4: ಪ್ಲಾನ್ ಮತ್ತು ಪಾವತಿ

ಮೊದಲ ಸಲ ವಾರ್ಷಿಕ ಚಂದಾ ಕಟ್ಟಲೇಬೇಡಿ. ತಿಂಗಳಿಗೆ 500 ರೂಪಾಯಿ, ವರ್ಷಕ್ಕೆ 4,000 ಎಂದು ಇಟ್ಟುಕೊಳ್ಳೋಣ. ಎಂಟು ತಿಂಗಳಿಗಿಂತ ಹೆಚ್ಚು ಬಳಸಿದರೆ ಮಾತ್ರ ವಾರ್ಷಿಕ ಲಾಭ. ಹಬ್ಬಕ್ಕೆ, ದಾಖಲಾತಿಗೆ, ವಾರ್ಷಿಕೋತ್ಸವಕ್ಕೆ ಎಂದು ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಕೆಲಸ ಇರುವವರಿಗೆ ಬೇಕಾದ ತಿಂಗಳು ಕಟ್ಟಿ ಬಿಡುವುದೇ ಸರಿ.

ಅಡೋಬಿಯಲ್ಲಿ ಒಂದು ಪ್ಲಾನ್ ಇದೆ, ಅದನ್ನು ಕಣ್ಣಿಟ್ಟು ಓದಬೇಕು: ‘ವಾರ್ಷಿಕ, ಮಾಸಿಕ ಪಾವತಿ’. ತಿಂಗಳಿಗಿಷ್ಟು ಎಂದು ಕಾಣುವುದರಿಂದ ಯಾವಾಗ ಬೇಕಾದರೂ ಬಿಡಬಹುದು ಎಂದು ಜನ ನಂಬುತ್ತಾರೆ. ಅದು ಒಂದು ವರ್ಷದ ಕರಾರು. ಕೊಂಡ 14 ದಿನಗಳ ನಂತರ, ವರ್ಷ ಮುಗಿಯುವ ಮುಂಚೆ ಬಿಟ್ಟರೆ ಉಳಿದ ತಿಂಗಳುಗಳ ಮೊತ್ತದ ಅರ್ಧದಷ್ಟನ್ನು ಶುಲ್ಕವಾಗಿ ಕೇಳುವುದು ಅದರ ನಿಯಮ. ಈ ಶುಲ್ಕವನ್ನು ಗ್ರಾಹಕರ ಕಣ್ಣಿಗೆ ಬೀಳದಂತೆ ಇಟ್ಟಿದೆ, ರದ್ದತಿಯನ್ನು ಕಷ್ಟ ಮಾಡಿದೆ ಎಂದು ಆರೋಪಿಸಿ ಗ್ರಾಹಕರ ಹಿತ ಕಾಯುವ ಅಮೆರಿಕದ ಎಫ್‌ಟಿಸಿ ಸಂಸ್ಥೆಯ ಶಿಫಾರಸಿನ ಮೇಲೆ ಅಲ್ಲಿನ ನ್ಯಾಯ ಇಲಾಖೆ 2024ರ ಜೂನ್‌ನಲ್ಲಿ ಮೊಕದ್ದಮೆ ಹೂಡಿತು. ನಿಜವಾದ ಮಾಸಿಕ ಪ್ಲಾನ್ ದುಬಾರಿ. ಆದರೂ ಎರಡು ತಿಂಗಳ ಕೆಲಸಕ್ಕೆ ಅದೇ ಅಗ್ಗ.

ಬೆಲೆಗೆ ಶೇ 18 ಜಿಎಸ್‌ಟಿ ಸೇರಿದೆಯೇ ನೋಡಿ. ನಿಮಗೆ ಜಿಎಸ್‌ಟಿ ನೋಂದಣಿ ಇದ್ದರೆ ಕೊಳ್ಳುವಾಗಲೇ ನಂಬರ್ ತುಂಬಿ, ಆಮೇಲೆ ಬಿಲ್ ತಿದ್ದಿಸುವುದು ಯಾತನೆ. ಡಾಲರಿನಲ್ಲಿ ಬೆಲೆ ಹೇಳುವ ಕಂಪನಿಯಾದರೆ ಬ್ಯಾಂಕು ವಿನಿಮಯ ಶುಲ್ಕವನ್ನೂ ಸೇರಿಸುತ್ತದೆ. ಸಾಧ್ಯವಿದ್ದಲ್ಲೆಲ್ಲ ಯುಪಿಐ ಆಟೊಪೇ ಆರಿಸಿ. ಯಾವ ಕಂಪನಿಗೆ ಅನುಮತಿ ಕೊಟ್ಟಿದ್ದೀರಿ ಎಂಬುದೆಲ್ಲ ಫೋನಿನ ಒಂದೇ ಜಾಗದಲ್ಲಿ ಕಾಣುತ್ತದೆ. ಮತ್ತು ಕೊಳ್ಳುವುದನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ಮಾಡಿ, ಫೋನಿನ ಆ್ಯಪ್‌ನಲ್ಲಿ ಬೇಡ. ಕಾರಣ ಮುಂದೆ ಇದೆ.

ಹೆಜ್ಜೆ 5: ನಿಲ್ಲಿಸುವುದು

ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಲಾಗ್ಔಟ್ ಮಾಡಿದರೂ ನಿಲ್ಲುವುದಿಲ್ಲ. ಎಟಿಎಂ ಕಾರ್ಡ್ ಬ್ಲಾಕ್ ಮಾಡಿಸಿದರೆ ಪಾವತಿ ನಿಲ್ಲಬಹುದು, ಕಂಪನಿಯೊಂದಿಗಿನ ಕರಾರು ನಿಲ್ಲುವುದಿಲ್ಲ. ನಿಲ್ಲಿಸುವ ಕ್ರಮ ಹೀಗಿದೆ, ಹಿಂದುಮುಂದು ಮಾಡಬೇಡಿ.

ಮೊದಲು ಕಡತಗಳು. ಚಂದಾ ಚಾಲ್ತಿಯಲ್ಲಿರುವಾಗಲೇ ಮುಖ್ಯ ವಿನ್ಯಾಸಗಳನ್ನು ಪಿಡಿಎಫ್ ಆಗಿ, ಲೋಗೊವನ್ನು ಎಸ್‌ವಿಜಿ ಮತ್ತು ಪಾರದರ್ಶಕ ಪಿಎನ್‌ಜಿ ಆಗಿ ಇಳಿಸಿ ಪೆನ್‌ಡ್ರೈವ್ ಅಥವಾ ಗೂಗಲ್ ಡ್ರೈವ್‌ನಲ್ಲಿಡಿ. ಕ್ಯಾನ್ವಾ ಉಚಿತ ಖಾತೆಗೆ ಇಳಿದಾಗ ವಿನ್ಯಾಸಗಳು ಉಳಿಯುತ್ತವೆ. ಆದರೆ ಅದರೊಳಗಿನ ಪ್ರೊ ಚಿತ್ರಗಳಿಗೆ ಮತ್ತೆ ಇಳಿಸುವಾಗ ದುಡ್ಡು ಕೇಳುತ್ತದೆ, ಇಲ್ಲವೇ ವಾಟರ್‌ಮಾರ್ಕ್ ಬರುತ್ತದೆ. ಇಲ್ಲಸ್ಟ್ರೇಟರ್ ಬಿಡುವವರು ಅದರದೇ ‘.ai’ ಮಾದರಿಯ ಕಡತವೊಂದನ್ನೇ ಇಟ್ಟುಕೊಂಡರೆ ನಾಳೆ ಅದನ್ನು ತಿದ್ದಲು ಪರದಾಡಬೇಕು.

ಎರಡನೆಯದು, ಎಲ್ಲಿ ಕೊಂಡಿರೋ ಅಲ್ಲೇ ರದ್ದು ಮಾಡುವುದು. ಬ್ರೌಸರಿನಲ್ಲಿ ಕೊಂಡಿದ್ದರೆ ಕಂಪನಿಯ ಜಾಲತಾಣದ ಬಿಲ್ಲಿಂಗ್ ಪುಟದಲ್ಲಿ. ಆಂಡ್ರಾಯ್ಡ್ ಆ್ಯಪ್‌ನೊಳಗೆ ಕೊಂಡಿದ್ದರೆ ಪ್ಲೇ ಸ್ಟೋರ್ ತೆರೆದು, ಪ್ರೊಫೈಲ್ ಚಿತ್ರ ಒತ್ತಿ, ‘ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್’ ಒಳಗೆ. ಐಫೋನ್‌ನಲ್ಲಾದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರಿನ ಕೆಳಗಿನ ‘ಸಬ್‌ಸ್ಕ್ರಿಪ್ಷನ್ಸ್’ ಒಳಗೆ. ಆ್ಯಪ್‌ನಲ್ಲಿ ಕೊಂಡು, ಜಾಲತಾಣದಲ್ಲಿ ಹುಡುಕಿ, ರದ್ದತಿ ಗುಂಡಿಯೇ ಇಲ್ಲ ಎಂದು ಕೈಚೆಲ್ಲುವವರು ಬಹಳ. ಯಾವ ಜಿಮೇಲ್‌ನಿಂದ ಕೊಂಡಿರಿ ಎಂಬುದೂ ಮುಖ್ಯ. ಫೋನಿನಲ್ಲಿ ಎರಡು ಖಾತೆ ಇದ್ದರೆ ಎರಡರಲ್ಲೂ ನೋಡಿ.

ರದ್ದು ಮಾಡುವಾಗ ಪುಟದ ಮೇಲೆ ಪುಟ ಬರುತ್ತದೆ: ಯಾಕೆ ಬಿಡುತ್ತೀರಿ, ಎರಡು ತಿಂಗಳು ಉಚಿತ ಕೊಡುತ್ತೇವೆ, ತಾತ್ಕಾಲಿಕವಾಗಿ ನಿಲ್ಲಿಸಿ ಸಾಕು. ತಾತ್ಕಾಲಿಕ ಎಂದರೆ ನಾಳೆ ತಾನಾಗಿ ಮತ್ತೆ ಶುರುವಾಗುತ್ತದೆ ಎಂದೇ ಅರ್ಥ. ದೊಡ್ಡದಾಗಿ, ಬಣ್ಣದಲ್ಲಿ ಕಾಣುವ ಗುಂಡಿ ಸಾಮಾನ್ಯವಾಗಿ ಚಂದಾ ಉಳಿಸಿಕೊಳ್ಳುವ ಗುಂಡಿ. ಕೊನೆಯ ಪುಟದಲ್ಲಿ ಚಂದಾ ಮುಗಿಯುವ ತಾರೀಖು ಕಾಣುವ ತನಕ ಮುಂದುವರಿಯಿರಿ. ಆ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ರದ್ದತಿಯ ಇಮೇಲ್ ಬಂತೇ ನೋಡಿ. ಇಮೇಲ್ ಬರಲಿಲ್ಲವಾದರೆ ಬಿಲ್ಲಿಂಗ್ ಪುಟಕ್ಕೆ ಮತ್ತೆ ಹೋಗಿ ಚಂದಾ ಇನ್ನೂ ಚಾಲ್ತಿಯಲ್ಲಿದೆಯೇ ನೋಡಿ. ಮಾಸಿಕ ಚಂದಾದಲ್ಲಿ ಕಟ್ಟಿದ ಅವಧಿ ಮುಗಿಯುವವರೆಗೆ ಸಾಮಾನ್ಯವಾಗಿ ಬಳಸಲು ಬಿಡುತ್ತಾರೆ. ಆದ್ದರಿಂದ ಕೊನೆಯ ದಿನದವರೆಗೆ ಕಾಯುವುದು ಬೇಡ, ನಾಲ್ಕೈದು ದಿನ ಮೊದಲೇ ಮುಗಿಸಿ. ಉಚಿತ ಪ್ರಯೋಗವಾದರೆ ಶುರು ಮಾಡಿದ ದಿನವೇ ಫೋನಿನಲ್ಲಿ ಅಲಾರಂ ಇಟ್ಟುಬಿಡಿ.

ಮೂರನೆಯದಾಗಿ ಪಾವತಿಯ ಅನುಮತಿ ಹಿಂಪಡೆಯಿರಿ. ಯುಪಿಐ ಆ್ಯಪ್‌ನ ಆಟೊಪೇ ವಿಭಾಗದಲ್ಲಿ ಕಂಪನಿಯ ಹೆಸರು ಹುಡುಕಿ ರದ್ದು ಮಾಡಿ, ಪಿನ್ ಒತ್ತಿ. ಕಾರ್ಡ್ ಆಗಿದ್ದರೆ ಬ್ಯಾಂಕಿನ ಜಾಲತಾಣದ ಇ-ಮ್ಯಾಂಡೇಟ್ ವಿಭಾಗದಲ್ಲಿ. ಇದನ್ನೇ ಮೊದಲು ಮಾಡಿ ಕೈತೊಳೆದುಕೊಳ್ಳುವ ಅಡ್ಡದಾರಿಯನ್ನು ಬಹಳ ಜನ ಹೇಳಿಕೊಡುತ್ತಾರೆ, ಕೇಳಬೇಡಿ. ಕಂಪನಿಯ ಲೆಕ್ಕದಲ್ಲಿ ಅದು ರದ್ದತಿಯಲ್ಲ, ಪಾವತಿ ವಿಫಲ. ಮತ್ತೆ ಮತ್ತೆ ಪ್ರಯತ್ನ, ಬಾಕಿಯ ಇಮೇಲ್, ವಾರ್ಷಿಕ ಕರಾರಾದರೆ ಉಳಿದ ಮೊತ್ತದ ಬೇಡಿಕೆ ಶುರುವಾಗುತ್ತದೆ.

ಈ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ನಮ್ಮ ಪರವಾಗಿದೆ. 2021ರ ಅಕ್ಟೋಬರ್ 1ರಿಂದ, ಕಾರ್ಡ್ ಅಥವಾ ಯುಪಿಐ ಮೂಲಕ ತಾನಾಗಿ ಕಡಿತವಾಗುವ ಚಂದಾಕ್ಕೆ ಮೊದಲ ಸಲ ಒಟಿಪಿ ಅಥವಾ ಪಿನ್ ಕೊಟ್ಟು ಒಪ್ಪಿಗೆ ನೀಡಬೇಕು. ಆಮೇಲೆ ಪ್ರತಿ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಕಂಪನಿಯ ಹೆಸರು, ಮೊತ್ತ, ತಾರೀಖು ಇರುವ ಸಂದೇಶ ನಿಮಗೆ ಬರಬೇಕು. ಇಂಥ ಚಂದಾ 15,000 ರೂಪಾಯಿ ಮೀರಿದರೆ ಪ್ರತಿ ಸಲವೂ ಒಟಿಪಿ ಬೇಕು; ಮೊದಲು 5,000 ಇದ್ದ ಈ ಮಿತಿಯನ್ನು 2022ರಲ್ಲಿ ಏರಿಸಿದರು. ಆ 24 ಗಂಟೆಯ ಎಸ್‌ಎಂಎಸ್ ಅನ್ನು ಜಾಹೀರಾತು ಎಂದುಕೊಂಡು ಅಳಿಸಬೇಡಿ. ಆ ಸಂದೇಶ ಅಂಗಡಿಯ ಕೌಂಟರಿನಲ್ಲಿರುವ ಹಳೆಯ ಫೋನಿಗೆ ಹೋಗುತ್ತಿದ್ದರೆ ಬ್ಯಾಂಕಿನಲ್ಲಿ ನಂಬರ್ ಬದಲಿಸಿಕೊಳ್ಳಿ.

ಮುಂದಿನ ಎರಡು ತಿಂಗಳು ಪಾಸ್‌ಬುಕ್ ಅಥವಾ ಸ್ಟೇಟ್‌ಮೆಂಟ್ ನೋಡಿ. ರದ್ದಾದ ಮೇಲೂ ಕಡಿತವಾಗಿದ್ದರೆ ಸ್ಕ್ರೀನ್‌ಶಾಟ್, ಇಮೇಲ್ ಲಗತ್ತಿಸಿ ಮೊದಲು ಕಂಪನಿಗೆ, ಜೊತೆಗೇ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಚಂದಾ ಬಿಡಲು ದಾರಿ ಕಾಣದಂತೆ ಮಾಡುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ 13 ಬಗೆಯ ಮೋಸದ ತಂತ್ರಗಳಲ್ಲಿ ಒಂದಾಗಿ ಹೆಸರಿಸಿದೆ. ದೂರು ಬರೆಯುವಾಗ ಈ ಮಾರ್ಗಸೂಚಿಯ ಉಲ್ಲೇಖ ಇರಲಿ, ರದ್ದು ಮಾಡಿದ ತಾರೀಖು ಮತ್ತು ದುಡ್ಡು ಕಡಿತವಾದ ತಾರೀಖು ಎರಡನ್ನೂ ಮೊದಲ ಸಾಲಿನಲ್ಲೇ ಹಾಕಿ.