ಒಂದೇ ಮಾವಿನ ಗಿಡದಲ್ಲಿ ನಾಲ್ಕು ತಳಿ: ಕಸಿ ಕಟ್ಟಿದ ನನ್ನ ಅನುಭವ

ಕೊಪ್ಪಳದ ಮಸಾರಿ (ಕೆಂಪು ಮಣ್ಣಿನ) ಹೊಲಗಳ ಬದುವಿನಲ್ಲಿ ತಾನಾಗಿ ಬೆಳೆದ ನಾಟಿ ಮಾವಿನ ಗಿಡಗಳು ಸಾಕಷ್ಟು ಸಿಗುತ್ತವೆ. ಹಣ್ಣು ಹುಳಿ, ನಾರು ಜಾಸ್ತಿ. ಆದರೆ ಬೇರು ಆಳಕ್ಕೆ ಇಳಿದಿರುವುದರಿಂದ ಮಳೆ ಕೈಕೊಟ್ಟರೂ ಗಿಡ ಒಣಗುವುದಿಲ್ಲ. ಅಂಥ 12 ವರ್ಷದ ಗಿಡವೊಂದನ್ನು ಕಡಿಯದೆ ಅದರ ಮೇಲೆಯೇ ಕೇಸರ್, ಬೇನಿಶಾ, ಮಲ್ಲಿಕಾ, ಆಮ್ರಪಾಲಿ ಕಟ್ಟಿದ್ದೇನೆ. ಕೇಸರ್ ಮೊದಲು ಮಾಗುತ್ತದೆ, ಮಲ್ಲಿಕಾ ಮತ್ತು ಆಮ್ರಪಾಲಿ ತಡವಾಗಿ. ಮನೆಮಂದಿಗೆ ಹಣ್ಣು ಒಮ್ಮೆಲೇ ಬಂದು ಮುಗಿಯುವುದಿಲ್ಲ.

ಸಂಕ್ರಾಂತಿ ಮುಗಿದ ಮೇಲೆ, ಜನವರಿ ಕೊನೆಯಲ್ಲಿ ನಾಲ್ಕು ಕೊಂಬೆಗಳನ್ನು ನೆಲದಿಂದ ಸುಮಾರು 5 ಅಡಿ ಎತ್ತರಕ್ಕೆ ಗರಗಸದಿಂದ ಕೊಯ್ದೆ. ಮೊದಲು ಕೆಳಗಿನಿಂದ ಕಾಲು ಭಾಗ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯಬೇಕು. ಇಲ್ಲದಿದ್ದರೆ ಕೊಂಬೆ ತನ್ನ ಭಾರಕ್ಕೆ ಮುರಿಯುವಾಗ ತೊಗಟೆ ಕಾಂಡದವರೆಗೂ ಸುಲಿಯುತ್ತದೆ. ಎರಡು ಕೊಂಬೆ ಮಾತ್ರ ಮುಟ್ಟಲಿಲ್ಲ. ಪೂರ್ತಿ ಬೋಳಿಸಿದ ಗಿಡ ನಮ್ಮ ಏಪ್ರಿಲ್ ಬಿಸಿಲಿಗೆ ಉಳಿಯುವುದು ಕಷ್ಟ. ಬೇರಿಗೆ ಆಹಾರ ಕೊಡಲು ಎಲೆ ಬೇಕು, ತೊಗಟೆಗೆ ನೆರಳು ಬೇಕು. ಕೊಯ್ದ ಬಾಯಿಗೆ ಶಿಲೀಂಧ್ರ ತಡೆಯುವ ಬೋರ್ಡೋ ಮುಲಾಮು ಬಳಿದೆ. ಅದಕ್ಕೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಎರಡನ್ನೂ ಬೇರೆ ಬೇರೆ ಅರ್ಧ ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ ಬೆರೆಸಬೇಕು. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ತಾಮ್ರ ಅಂಟಿದರೆ ಇನ್ನಷ್ಟು ಸುಣ್ಣ ಹಾಕಬೇಕು. ಉಳಿದ ಕಾಂಡಕ್ಕೆ ಸುಣ್ಣದ ತಿಳಿ ಹೊಡೆದೆ.

ಮಾರ್ಚ್‌ನಲ್ಲಿ ಮೋಟುಗಳಿಂದ ಚಿಗುರು ಗುಂಪುಗುಂಪಾಗಿ ಬಂತು. ಒಂದೊಂದು ಮೋಟಿಗೂ ಹೊರಮುಖವಾಗಿ ಬೆಳೆದ ಆರೇಳು ಚಿಗುರು ಉಳಿಸಿ ಉಳಿದದ್ದು ಚಿವುಟಿದೆ. ಮಳೆ ಹಿಡಿಯುವ ಹೊತ್ತಿಗೆ ಅವು ಪೆನ್ಸಿಲ್ ದಪ್ಪ ಆಗಿದ್ದವು.

ಕಸಿ ಹತ್ತುವುದು ಬಿಡುವುದು ಮುಖ್ಯವಾಗಿ ಕಡ್ಡಿಯಲ್ಲಿದೆ, ಅಂದರೆ ಬೇಕಾದ ತಳಿಯ ಗಿಡದಿಂದ ತಂದು ಕಟ್ಟುವ ಕುಡಿಯಲ್ಲಿ. ಮೂರು-ನಾಲ್ಕು ತಿಂಗಳ, ಹೂ ಬಿಡದ ತುದಿ ಕುಡಿ ಆರಿಸಿ, ಗಿಡದಲ್ಲಿರುವಾಗಲೇ ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಡಬೇಕು. ಏಳರಿಂದ ಹತ್ತು ದಿನಕ್ಕೆ ತುದಿಮೊಗ್ಗು ಉಬ್ಬುತ್ತದೆ, ತೊಟ್ಟು ಬೆರಳು ತಾಗಿದರೆ ಉದುರುತ್ತದೆ. ಆಗಲೇ ಕೊಯ್ಯಬೇಕು. ಮೊಗ್ಗು ಒಡೆದು ಹಸಿರು ಕಂಡರೆ ತಡವಾಯಿತು. ಕೊಯ್ದ ಕಡ್ಡಿಯನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಅದೇ ದಿನ ಕಟ್ಟಿದರೆ ಒಳ್ಳೆಯದು.

ಆರಿದ್ರಾ ಮಳೆಯಿಂದ ಪುಷ್ಯ ಮಳೆಯವರೆಗೆ, ಅಂದರೆ ಜೂನ್ ಕೊನೆಯಿಂದ ಜುಲೈ ಪೂರ್ತಿ, ಹವೆ ತಂಪಾಗಿ ತೇವ ಇರುತ್ತದೆ. ಬೆಳಿಗ್ಗೆ ಹೊತ್ತು ಚಿಗುರಿನ ತಲೆ ಕತ್ತರಿಸಿ, ನಟ್ಟನಡುವೆ 4 ಸೆಂ.ಮೀ. ಸೀಳಿದೆ. 12 ಸೆಂ.ಮೀ. ಉದ್ದದ ಕಡ್ಡಿಯ ಬುಡವನ್ನು ಎರಡೂ ಬದಿಗೆ ಅಷ್ಟೇ ಉದ್ದ, ಒಂದೇ ಎಳೆತಕ್ಕೆ ಬೆಣೆಯಂತೆ ಕೆತ್ತಿದೆ. ಎರಡು ಮೂರು ಸಲ ಕೆತ್ತಿದರೆ ಮೈ ಏರುಪೇರಾಗಿ ನಡುವೆ ಗಾಳಿ ಉಳಿಯುತ್ತದೆ. ಸೊನೆ ಬಂದರೆ ಒರೆಸಿಯೇ ಕಡ್ಡಿಯನ್ನು ಸೀಳಿಗೆ ಸೇರಿಸಬೇಕು. ಕಡ್ಡಿ ಸಣ್ಣದಿದ್ದರೆ ಮಧ್ಯಕ್ಕೆ ಇಡಬಾರದು, ಒಂದು ಬದಿಯಲ್ಲಾದರೂ ತೊಗಟೆಯ ಕೆಳಗಿನ ಹಸಿರು ಪದರಕ್ಕೆ ಹಸಿರು ಪದರ ಕೂಡಬೇಕು. 2 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ, ಮೇಲೆ ಐಸ್‌ಕ್ಯಾಂಡಿ ಕವರ್ ತೊಡಿಸಿ ಬುಡ ಕಟ್ಟಿದೆ. ಮೋಡ ಸರಿದು ಬಿಸಿಲು ಬಿದ್ದರೆ ಕವರಿನೊಳಗೆ ಕಡ್ಡಿ ಬೇಯುತ್ತದೆ, ಆದ್ದರಿಂದ ಪೇಪರಿನ ಟೋಪಿ ಹಾಕಿದೆ.

26 ಕಟ್ಟಿದ್ದರಲ್ಲಿ 19 ಹತ್ತಿದವು. ಮೂರು ಕಡೆ ಕೂಡಿಕೆ ಕಪ್ಪಾಗಿ ಕೊಳೆಯಿತು, ಅವು ಜಿಟಿಜಿಟಿ ಮಳೆಯಲ್ಲೇ ಕಟ್ಟಿದವು. ಎರಡು ಕಡ್ಡಿ ತೊಟ್ಟು ಉದುರುವ ಮೊದಲೇ ಕೊಯ್ದವು, ಹಾಗೇ ಒಣಗಿದವು. ಇನ್ನೆರಡು ಚಿಗುರಿದ ಮೇಲೆ ಆಷಾಢದ ಗಾಳಿಗೆ ಮುರಿದವು. ಆಮೇಲೆ ಪ್ರತಿ ಕಸಿಗೂ ತೊಗರಿಕಟ್ಟಿಗೆಯ ಆಸರೆ ಕಟ್ಟಿದೆ.

ಮೂರು ವಾರಕ್ಕೆ ಮೊಗ್ಗು ಒಡೆದಾಗ ಕವರ್ ತೆಗೆಯಬೇಕು, ಅದೂ ಸಂಜೆ. ಪಟ್ಟಿಯನ್ನು ಮೂರು ತಿಂಗಳಿಗೆ ಸೀಳಿ ತೆಗೆದೆ. ಮರೆತರೆ ಅಲ್ಲೇ ಕತ್ತು ಹಿಸುಕಿದಂತಾಗಿ, ಮುಂದೆ ಕಾಯಿಭಾರಕ್ಕೆ ಕೊಂಬೆ ಮುರಿಯುತ್ತದೆ. ಉಳಿಸಿದ್ದ ಎರಡು ನಾಟಿ ಕೊಂಬೆಗಳಲ್ಲಿ ಒಂದನ್ನು ಮರುವರ್ಷ, ಇನ್ನೊಂದನ್ನು ಅದರ ಮುಂದಿನ ವರ್ಷ ತೆಗೆದೆ. ಎರಡು ವರ್ಷ ಹೂ ಚಿವುಟಿ ಹಾಕಿದೆ.

ತಳಿಗಳ ಜಾಗ ಮೊದಲೇ ಯೋಚಿಸಬೇಕು. ಆಮ್ರಪಾಲಿ ಗಿಡ್ಡ ಬೆಳೆಯುವ ತಳಿ. ಬೇನಿಶಾದ ಕೆಳಗೆ ಕಟ್ಟಿದರೆ ನೆರಳಿಗೆ ಸಿಕ್ಕಿ ಸೊರಗುತ್ತದೆ. ಅದಕ್ಕೆ ಬಿಸಿಲು ಬೀಳುವ ದಕ್ಷಿಣದ ಎತ್ತರದ ಕೊಂಬೆ ಕೊಟ್ಟೆ. ಬೇನಿಶಾವನ್ನು ಪ್ರತಿವರ್ಷ ಕೊಯ್ಲಾದ ಕೂಡಲೇ ಸವರುತ್ತೇನೆ, ಇಲ್ಲದಿದ್ದರೆ ಗಿಡದ ಶಕ್ತಿಯೆಲ್ಲ ಅದೇ ಎಳೆದುಕೊಳ್ಳುತ್ತದೆ. ದಶೇರಿ ಕಟ್ಟುವವರಿಗೆ ಬಹುತಳಿ ಗಿಡ ಇನ್ನೂ ಅನುಕೂಲ. ಅದು ಸ್ವಂತ ಪರಾಗಕ್ಕೆ ಸರಿಯಾಗಿ ಕಾಯಿ ಕಟ್ಟುವುದಿಲ್ಲ, ಪಕ್ಕದಲ್ಲಿ ಬೇರೆ ತಳಿಯ ಹೂ ಬೇಕು.

ಕೂಡಿಕೆಯ ಕೆಳಗೆ ನಾಟಿ ಚಿಗುರು ಬರುತ್ತಲೇ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ಹೆಬ್ಬೆರಳಲ್ಲಿ ಉಜ್ಜಿ ತೆಗೆಯಬೇಕು. ಬಲಿತ ಮೇಲೆ ಎಲೆ ನೋಡಿ ಯಾವುದು ನಾಟಿ, ಯಾವುದು ಕಸಿ ಎಂದು ಹೇಳುವುದು ಕಷ್ಟ. ಅದಕ್ಕೇ ಪ್ರತಿ ಕೂಡಿಕೆಯ ಮೇಲೆ ತಳಿಗೊಂದು ಬಣ್ಣದ ಪಟ್ಟೆ ಬಳಿದಿದ್ದೇನೆ.